ಕೆಳಗಿನ ಎರಡು ರ್ಯಾಕು: ದುರ್ಗಿಗುಡಿಯ ಒಂದು ಹಳೇ ಪುಸ್ತಕದಂಗಡಿ

ಶಿವಮೊಗ್ಗದ ದುರ್ಗಿಗುಡಿಯ ಒಂದು ಅಡ್ಡರಸ್ತೆಯಲ್ಲಿ, ಟೈಲರ್ ಅಂಗಡಿಗೂ ಝೆರಾಕ್ಸ್ ಅಂಗಡಿಗೂ ಮಧ್ಯೆ, ಒಂದು ಹಳೇ ಪುಸ್ತಕದಂಗಡಿ ಇದೆ. ಬೋರ್ಡಿನಲ್ಲಿ ಹೆಸರಿಲ್ಲ. ‘ಹಳೇ ಪುಸ್ತಕ ಕೊಳ್ಳಲಾಗುವುದು, ಮಾರಲಾಗುವುದು, ಓದಲು ಕೊಡಲಾಗುವುದು’ ಅಂತಷ್ಟೇ ಬರೆದಿದೆ. ಒಂಬತ್ತು ತಿಂಗಳಿಂದ ನಾನು ಅಲ್ಲಿಗೆ ಹೋಗುತ್ತಿದ್ದೇನೆ. ಮೊದಲು ಮೊಮ್ಮಗಳ ನೆಪ ಇತ್ತು. ಈಗ ಅವಳು ಶಾಲೆಗೆ ಹೋದ ದಿನವೂ ನಾನೊಬ್ಬಳೇ ಹೋಗಿ ಕೂತು ಬರುತ್ತೇನೆ.

ಅಂಗಡಿ ದೊಡ್ಡದಲ್ಲ. ನಮ್ಮೂರ ಮನೆಯ ಜಗಲಿಯಷ್ಟು ಇರಬಹುದು. ಮೂರು ಗೋಡೆಗೂ ಮಾಡಿನ ತನಕ ರ್ಯಾಕು. ಮೇಲುಗಡೆ ಪಿಯುಸಿ, ಸಿಇಟಿ ಗೈಡುಗಳು. ಮಧ್ಯದಲ್ಲಿ ಕಾದಂಬರಿ, ಕವನ, ಧಾರ್ಮಿಕ ಪುಸ್ತಕ. ನೆಲಕ್ಕೆ ತಾಗಿದ ಎರಡು ರ್ಯಾಕು ಪೂರ್ತಿ ಮಕ್ಕಳದ್ದು. ಅದರ ಮುಂದೆ ಒಂದು ಚಾಪೆ. ನಾನು 34 ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು. ನಾನಿದ್ದ ಒಂದು ಶಾಲೆಯಲ್ಲಿ ಮಕ್ಕಳ ಪುಸ್ತಕ ಬೀರುವಿನ ಒಳಗೆ ಇರುತ್ತಿದ್ದವು. ಬೀಗದ ಕೈ ಹೆಡ್‌ಮಾಸ್ಟರ ಹತ್ತಿರ. ತನಿಖೆಗೆ ಬರುತ್ತಾರೆ ಅಂದಾಗ ತೆಗೆದು ಧೂಳು ಹೊಡೆಯುತ್ತಿದ್ದೆವು. ಹರಿದುಹೋದರೆ ಲೆಕ್ಕ ಕೊಡುವವರು ಯಾರು ಅನ್ನುವ ಭಯ. ಆ ಬೀರುವಿನ ನೆನಪಿಗೇ ಇರಬೇಕು, ಮೊದಲ ದಿನ ಈ ಕೆಳಗಿನ ರ್ಯಾಕು ನೋಡಿ ನನಗೆ ಕಣ್ಣು ತುಂಬಿ ಬಂತು. ಯಾಕೆ ಇಷ್ಟು ಕೆಳಗೆ ಇಟ್ಟಿದ್ದೀರಿ ಅಂತ ಕೇಳಿದೆ. ಅಂಗಡಿಯವರು, “ಕೈಗೆ ಎಟುಕದ್ದು ಅವರದ್ದು ಹೇಗಾಗುತ್ತೆ ಟೀಚರ್?” ಅಂದರು.

ದರ ಹೇಳಿಬಿಡುತ್ತೇನೆ. ಓದಲು ಒಯ್ಯುವುದಾದರೆ 200 ರೂಪಾಯಿ ಡಿಪಾಸಿಟ್. ಒಂದು ಪುಸ್ತಕಕ್ಕೆ ವಾರಕ್ಕೆ 10 ರೂಪಾಯಿ. ಒಂದು ಸಲಕ್ಕೆ ಮೂರು ಪುಸ್ತಕ. ತಡವಾದರೆ ದಿನಕ್ಕೆ 1 ರೂಪಾಯಿ, ಆದರೆ ಮಕ್ಕಳ ಕೈಲಿ ಅದನ್ನು ತೆಗೆದುಕೊಂಡಿದ್ದು ನಾನು ನೋಡಿಲ್ಲ. ಕೊಳ್ಳುವುದಾದರೆ ಮುದ್ರಿಸಿದ ಬೆಲೆಯ ಅರ್ಧ. ಮುಖಪುಟ ಹೋದ, ಹಾಳೆ ಬಿಟ್ಟ ಪುಸ್ತಕಗಳು ಬಾಗಿಲ ಹತ್ತಿರದ ಬುಟ್ಟಿಯಲ್ಲಿವೆ. ಅದರಲ್ಲಿ ಯಾವುದು ಎತ್ತಿಕೊಂಡರೂ 5 ರೂಪಾಯಿ. ಮಾಸ್ಕೋದಲ್ಲಿ ಅಚ್ಚಾಗಿ ಬರುತ್ತಿದ್ದ ಕನ್ನಡದ ಮಕ್ಕಳ ಪುಸ್ತಕಗಳಿಗೆ ಮಾತ್ರ ಜಾಸ್ತಿ, 150 ರೂಪಾಯಿ. ಅವಕ್ಕೆ ಬೆಂಗಳೂರಿನಿಂದ ಫೋನ್ ಮಾಡಿ ಕೇಳುವವರಿದ್ದಾರಂತೆ. ಆ ಕಾಗದ, ಆ ಬಣ್ಣ ನೋಡಿದರೆ ಯಾಕೆ ಕೇಳುತ್ತಾರೆ ಅಂತ ಗೊತ್ತಾಗುತ್ತದೆ.

ನಮ್ಮ ಕಡೆ ಪುಸ್ತಕ ಇಟ್ಟುಕೊಳ್ಳುವುದು ಎಷ್ಟು ಕಷ್ಟ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಜೂನ್ ಬಂದರೆ ಗೋಡೆ ಬೆವರುತ್ತದೆ. ಹೊದಿಕೆಗೆ ಬೂಷ್ಟು ಹಿಡಿಯುತ್ತದೆ. ಇವರು ಕೆಳಗಿನ ರ್ಯಾಕಿನ ಹಿಂದೆ ಒಂದು ಹಳೇ ಬಲ್ಬು ಹಗಲು ರಾತ್ರಿ ಉರಿಸುತ್ತಾರೆ. ಬೇವಿನ ಸೊಪ್ಪು, ನುಸಿಗುಳಿಗೆ ಇಡುತ್ತಾರೆ. ಬಿಸಿಲು ಬಿದ್ದ ದಿನ ಪುಸ್ತಕಗಳನ್ನು ಹೊರಗೆ ಮೆಟ್ಟಿಲ ಮೇಲೆ ಅಡಿಕೆ ಹರವಿದ ಹಾಗೆ ಹರವುತ್ತಾರೆ. ಆದರೂ ವಾಸನೆ ಇದ್ದೇ ಇದೆ. ಉಬ್ಬಸ ಇರುವ ಮಕ್ಕಳನ್ನು ಮಳೆಗಾಲದಲ್ಲಿ ಜಾಸ್ತಿ ಹೊತ್ತು ಕೂರಿಸಬೇಡಿ.

ಕಳೆದ ಆಷಾಢದಲ್ಲಿ ಆ ಐದು ರೂಪಾಯಿ ಬುಟ್ಟಿಯ ಪಕ್ಕ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಸಿಕ್ಕಿತು. ಮುಖಪುಟ ಇರಲಿಲ್ಲ. ಯಾವುದೋ ಕಾಲೇಜು ಲೈಬ್ರರಿಯಿಂದ ತೂಕಕ್ಕೆ ಬಂದದ್ದಿರಬೇಕು. ಯೂರೋಪಿನಲ್ಲಿ ಮಕ್ಕಳಿಗಾಗಿ ಪುಸ್ತಕ ಬರೆಯುವುದು ಹೇಗೆ ಶುರುವಾಯಿತು ಅನ್ನುವ ಚರಿತ್ರೆ. ದಪ್ಪ ಇದೆ ಅಂತ 120 ರೂಪಾಯಿ ಹೇಳಿದರು, ಕೊಟ್ಟೆ. ಹೊರಗೆ ಜಡಿಮಳೆ. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಒಂದು ತಿಂಗಳು ಓದಿದೆ. ಸೇವೆಯಲ್ಲಿದ್ದಾಗ ಎಷ್ಟೋ ತರಬೇತಿಗೆ ಹೋಗಿದ್ದೇನೆ. ಯಾರೂ ಇದನ್ನು ಹೇಳಿರಲಿಲ್ಲ. ಈ ಅಂಗಡಿಯ ಬಗ್ಗೆ ಬರೆಯಬೇಕು ಅನ್ನಿಸಿದ್ದೇ ಆ ಪುಸ್ತಕದಿಂದ. ಅದನ್ನು ಓದಿದ ಮೇಲೆ ಆ ಕೆಳಗಿನ ಎರಡು ರ್ಯಾಕು ನನಗೆ ಬೇರೆ ಥರ ಕಾಣತೊಡಗಿದವು.

ನಾವು ‘ಮಗು’ ಅಂದಾಗ ಮನಸ್ಸಿಗೆ ಬರುವ ಚಿತ್ರ ತಾನಾಗಿ ಬಂದದ್ದಲ್ಲ. ಅದರಲ್ಲಿ ಎಷ್ಟೋ ಪಾಲನ್ನು ಪುಸ್ತಕಗಳೇ ಬರೆದಿವೆ.

1658ರಲ್ಲಿ ನ್ಯೂರೆಂಬರ್ಗ್ ಊರಿನಲ್ಲಿ ಕೊಮೆನಿಯಸ್ ಅನ್ನುವ ಶಿಕ್ಷಕರು ಮಕ್ಕಳಿಗಾಗಿ ಒಂದು ಚಿತ್ರಪುಸ್ತಕ ಅಚ್ಚು ಹಾಕಿಸಿದರು. ಲ್ಯಾಟಿನ್ ಮತ್ತು ಜರ್ಮನ್ ಕಲಿಸುವ ಪುಸ್ತಕ. ಪ್ರಪಂಚದಲ್ಲಿರುವ ಎಲ್ಲದಕ್ಕೂ ಒಂದು ಚಿತ್ರ, ಚಿತ್ರದ ಭಾಗಗಳಿಗೆ ಅಂಕಿ, ಪಕ್ಕದಲ್ಲಿ ಮಾತು. ಅದರ ಅಕ್ಷರಮಾಲೆ ಯಾವುದರಿಂದ ಶುರುವಾಗುತ್ತದೆ ಗೊತ್ತಾ? ಕಾಗೆಯಿಂದ. ಕಾಗೆ ‘ಆ ಆ’ ಅನ್ನುತ್ತದೆ, ಅದೇ ಮೊದಲ ಅಕ್ಷರ. ಒಂದೊಂದು ಅಕ್ಷರಕ್ಕೂ ಒಂದೊಂದು ಸದ್ದು. ನಾನು ಅ ಅಂದರೆ ಅರಸ, ಆ ಅಂದರೆ ಆನೆ ಅಂತ ಕಲಿಸಿದವಳು. ಅರಸನನ್ನು ನನ್ನ ಮಕ್ಕಳು ಯಾರೂ ನೋಡಿರಲಿಲ್ಲ. ಕಾಗೆಯನ್ನು ದಿನಾ ನೋಡುತ್ತಿದ್ದರು. ಮಗುವಿಗೆ ಕಿವಿ ಇದೆ, ಅದು ಆಗಲೇ ಏನೋ ಕೇಳಿಸಿಕೊಂಡು ಬಂದಿದೆ ಅಂತ ಒಪ್ಪಿಕೊಂಡ ಪುಸ್ತಕ ಅದು. ಮುನ್ನೂರೈವತ್ತಕ್ಕೂ ಜಾಸ್ತಿ ವರ್ಷ ಹಿಂದೆ!

ಆದರೆ ಎಲ್ಲರೂ ಹಾಗೆ ನೋಡುತ್ತಿರಲಿಲ್ಲ. ಅದೇ ಶತಮಾನದಲ್ಲಿ, 1671ರ ಸುಮಾರಿಗೆ, ಇಂಗ್ಲೆಂಡಿನಲ್ಲಿ ಜೇಮ್ಸ್ ಜೇನ್‌ವೇ ಅನ್ನುವ ಪಾದ್ರಿ ಮಕ್ಕಳಿಗೆ ಒಂದು ಪುಸ್ತಕ ಬರೆದರು. ಅದರ ತುಂಬ ಸಣ್ಣ ಮಕ್ಕಳು ಭಕ್ತಿಯಿಂದ ಸಾಯುವ ಕಥೆಗಳು. ಮಗು ಹುಟ್ಟುವಾಗಲೇ ಪಾಪ ಹೊತ್ತು ಬಂದಿದೆ, ಯಾವಾಗ ಬೇಕಾದರೂ ಸಾಯಬಹುದು, ಅಷ್ಟರೊಳಗೆ ಅದನ್ನು ಉಳಿಸಬೇಕು ಅನ್ನುವ ಆತುರ ಅವರದ್ದು. ಮಕ್ಕಳು ತುಂಬ ಸಾಯುತ್ತಿದ್ದ ಕಾಲ. ಅದನ್ನು ಓದುವಾಗ ಸಿಟ್ಟು ಬರಲಿಲ್ಲ, ಸಂಕಟವಾಯಿತು. ಆಮೇಲೆ 1693ರಲ್ಲಿ ಜಾನ್ ಲಾಕ್ ಅನ್ನುವ ತತ್ವಜ್ಞಾನಿ ಬೇರೆ ಮಾತು ಹೇಳಿದರು. ದಾಳದ ಮೇಲೆ ಅಕ್ಷರ ಅಂಟಿಸಿ, ಮಗು ಆಡುತ್ತಾ ಕಲಿಯಲಿ. ಓದಲು ಶುರುಮಾಡಿದಾಗ ಈಸೋಪನ ಕಥೆ ಕೊಡಿ, ಚಿತ್ರ ಇದ್ದರೆ ಇನ್ನೂ ಒಳ್ಳೆಯದು. ಹೊಡೆದು ಕಲಿಸಿದರೆ ಪುಸ್ತಕದ ಮೇಲೇ ದ್ವೇಷ ಹುಟ್ಟುತ್ತದೆ. ಸರ್ಕಾರಿ ಶಾಲೆಗಳಲ್ಲಿ ಆಡುತ್ತಾ ಕಲಿಸುವ ‘ನಲಿ-ಕಲಿ’ಯ ತರಬೇತಿಯಲ್ಲಿ ಹೊಸದು ಅಂತ ನಮಗೆ ಹೇಳಿಕೊಟ್ಟದ್ದು ಇದೇ ಅಲ್ವಾ?

ಲಾಕ್ ಹೇಳಿದ್ದನ್ನು ವ್ಯಾಪಾರ ಮಾಡಿದವರು ಜಾನ್ ನ್ಯೂಬೆರಿ. ಲಂಡನ್ನಿನ ಪುಸ್ತಕ ವ್ಯಾಪಾರಿ. 1744ರಲ್ಲಿ ಅವರು ಅಂಗೈಯಗಲದ ಒಂದು ಚೆಂದದ ಪುಸ್ತಕ ತಂದರು. ಒಂದೊಂದು ಅಕ್ಷರಕ್ಕೆ ಒಂದೊಂದು ಆಟದ ಚಿತ್ರ, ನಾಲ್ಕು ಸಾಲಿನ ಪದ್ಯ. ಗಾಳಿಪಟ, ಗೋಲಿ, ಚೆಂಡಾಟ. ಬೇಸ್‌ಬಾಲ್ ಅನ್ನುವ ಮಾತು ಮೊದಲು ಅಚ್ಚಾದದ್ದೇ ಅದರಲ್ಲಂತೆ. ನಮ್ಮಲ್ಲಿ ಬರೆದಿದ್ದರೆ ಲಗೋರಿ, ಚಿನ್ನಿದಾಂಡು, ಕುಂಟೆಬಿಲ್ಲೆ ಇರುತ್ತಿತ್ತು. ಆಟ ಆಡುವುದು ಮಗುವಿನ ಕೆಲಸ, ಅದು ಪುಸ್ತಕದಲ್ಲಿ ಬರುವಷ್ಟು ದೊಡ್ಡ ವಿಷಯ ಅಂತ ಆ ಪುಟಗಳು ಹೇಳುತ್ತವೆ. ಆದರೆ ಪ್ರತಿ ಆಟದ ಕೆಳಗೆ ಒಂದು ನೀತಿ ಅಚ್ಚಾಗಿದೆ. ಗಾಳಿಪಟ ಹಾರಿಸಿದರೂ ನೀತಿ, ಗೋಲಿ ಹೊಡೆದರೂ ನೀತಿ.

ಪುಸ್ತಕ ಒಂದಕ್ಕೇ ಆದರೆ 6 ಪೆನ್ಸ್. ಇನ್ನೆರಡು ಪೆನ್ಸ್ ಕೊಟ್ಟರೆ ಜೊತೆಗೆ ಒಂದು ಆಟದ ಸಾಮಾನು. ಅದರ ಒಂದು ಬದಿ ಕೆಂಪು, ಒಂದು ಬದಿ ಕಪ್ಪು. ಒಳ್ಳೆಯದು ಮಾಡಿದಾಗ ಕೆಂಪು ಬದಿಗೆ ಒಂದು ಗುಂಡುಪಿನ್ನು ಚುಚ್ಚಬೇಕು, ತಪ್ಪು ಮಾಡಿದಾಗ ಕಪ್ಪು ಬದಿಗೆ. ಹತ್ತೂ ಪಿನ್ನು ಕೆಂಪಿಗೆ ಬಂದರೆ ಒಂದು ಕಾಸು ಬಹುಮಾನ. ಹತ್ತೂ ಕಪ್ಪಿಗೆ ಬಂದರೆ ಬೆತ್ತ. ಇದನ್ನು ಓದಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ನನ್ನ ಕ್ಲಾಸಿನ ಗೋಡೆಯಲ್ಲಿ ಒಂದು ಚಾರ್ಟು ಇರುತ್ತಿತ್ತು. ಹೋಂವರ್ಕ್ ಮಾಡಿದವರಿಗೆ ಕೆಂಪು ಸ್ಟಾರು, ಗಲಾಟೆ ಮಾಡಿದವರಿಗೆ ಕಪ್ಪು ಚುಕ್ಕಿ. ಒಂದು ಮಗು, ಅದರ ಹೆಸರು ಹೇಳುವುದಿಲ್ಲ, ವರ್ಷವಿಡೀ ಕಪ್ಪು ಚುಕ್ಕಿಯೇ. ಅವನ ಮನೆ ಐದು ಮೈಲಿ ದೂರ, ಕಾಡು ದಾಟಿ ಬರುತ್ತಿದ್ದ. ಸಂಜೆ ಮನೆ ಸೇರುವಾಗ ಕತ್ತಲೆ. ಹೋಂವರ್ಕ್ ಎಲ್ಲಿಂದ ಬರಬೇಕು? ಆ ಚಾರ್ಟು ನಾನೇ ಕಂಡುಹಿಡಿದದ್ದು ಅಂದುಕೊಂಡಿದ್ದೆ. ಅದಕ್ಕೆ 1744ರ ಅಚ್ಚು ಇತ್ತು. ಆ ಹುಡುಗನ ಹತ್ತಿರ ಕ್ಷಮೆ ಕೇಳಬೇಕು ಅಂತ ಈಗಲೂ ಅನ್ನಿಸುತ್ತದೆ.

ನನ್ನ ಎದೆಗೆ ನಾಟಿದ್ದು ಇನ್ನೊಂದು ಸಂಗತಿ. ಆ ಆಟದ ಸಾಮಾನು ಎಲ್ಲರಿಗೂ ಒಂದೇ ಅಲ್ಲ. ಹುಡುಗನಿಗೆ ಚೆಂಡು. ಹುಡುಗಿಗೆ ಸೂಜಿ ಚುಚ್ಚಿಡುವ ಪುಟ್ಟ ದಿಂಬು.

ನಾನು ಹುಟ್ಟಿದ್ದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, 1960ರಲ್ಲಿ. ಚಳಿಗಾಲ ಬಂದರೆ ಅಂಗಳದ ಚಪ್ಪರದ ಕೆಳಗೆ ಅಡಿಕೆ ಸುಲಿಯುವುದು. ಮಧ್ಯೆ ಒಂದು ಗ್ಯಾಸ್‌ಲೈಟು, ಸುತ್ತ ಮೆಟ್ಟುಗತ್ತಿ ಇಟ್ಟುಕೊಂಡ ಹೆಂಗಸರು. ಅಮ್ಮ, ಅಜ್ಜಿ, ಚಿಕ್ಕಮ್ಮ, ಕೆಲಸಕ್ಕೆ ಬಂದವರು. ಏಳು ವರ್ಷಕ್ಕೆ ನನ್ನನ್ನೂ ಕೂರಿಸಿದರು. ಅಣ್ಣ ನನಗಿಂತ ಮೂರು ವರ್ಷ ದೊಡ್ಡವನು. ಅವನಿಗೆ ಅಪ್ಪಯ್ಯ ಪೇಟೆಗೆ ಹೋದಾಗೆಲ್ಲ ಚಂದಮಾಮ ತರುತ್ತಿದ್ದರು. 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುವಾಗಿ 1949ರಿಂದ ಕನ್ನಡದಲ್ಲೂ ಬರುತ್ತಿದ್ದ ಚಂದಮಾಮ. ಅಣ್ಣ ಗ್ಯಾಸ್‌ಲೈಟಿನ ಹತ್ತಿರ ಮಣೆ ಹಾಕಿಕೊಂಡು ಜೋರಾಗಿ ಓದುತ್ತಿದ್ದ. ಸುಲಿಯುವವರಿಗೆ ನಿದ್ದೆ ಬರಬಾರದು ಅಂತ ಓದಿಸುತ್ತಿದ್ದರು. ಬೇತಾಳ ಪ್ರಶ್ನೆ ಕೇಳಿದ ಕೂಡಲೇ ಅವನು ನಿಲ್ಲಿಸುತ್ತಿದ್ದ. ಹೆಂಗಸರೆಲ್ಲ ಒಂದೊಂದು ಉತ್ತರ ಹೇಳುತ್ತಿದ್ದರು. ನಾನೂ ಹೇಳುತ್ತಿದ್ದೆ. ಎಷ್ಟೋ ಸಲ ನನ್ನದೇ ಸರಿಯಾಗಿರುತ್ತಿತ್ತು.

ಆದರೆ ಪುಸ್ತಕ ನನ್ನ ಕೈಗೆ ಬರುತ್ತಿರಲಿಲ್ಲ. ನನ್ನ ಕೈ ತುಂಬ ಅಡಿಕೆಯ ಚೊಗರು, ಮುಟ್ಟಿದರೆ ಕಲೆಯಾಗುತ್ತದೆ. “ಅವಳಿಗ್ಯಾಕೆ ಪುಸ್ತಕ, ಕೇಳಿಸಿಕೊಂಡಳಲ್ಲ” ಅನ್ನುತ್ತಿದ್ದರು ಅಪ್ಪಯ್ಯ. ಕೆಟ್ಟವರಲ್ಲ ಅವರು. ಮುಂದೆ ನನ್ನನ್ನು ಟಿಸಿಎಚ್, ಅಂದರೆ ಟೀಚರ್ ತರಬೇತಿ, ಓದಿಸಿದ್ದೂ ಅವರೇ. ಓದಿ ಮುಗಿದ ಸಂಚಿಕೆಗಳನ್ನು ಅಣ್ಣ ಸ್ನೇಹಿತರಿಗೆ ಕೊಡುತ್ತಿದ್ದ, ತಿರುಗಿ ಬರುತ್ತಿರಲಿಲ್ಲ. ಹಾಗಾಗಿ ನಾನು ಚಂದಮಾಮದ ಕಥೆ ಎಲ್ಲ ಕೇಳಿದ್ದೆ, ಚಿತ್ರ ನೋಡಿರಲಿಲ್ಲ. ಅಣ್ಣ ಹುಡುಗನಾಗಿದ್ದ. ನಾನು ಸಣ್ಣ ಹೆಂಗಸಾಗಿದ್ದೆ. ಇಬ್ಬರೂ ಒಂದೇ ಗ್ಯಾಸ್‌ಲೈಟಿನ ಕೆಳಗೇ ಕೂತಿದ್ದೆವು.

ಫಿಲಿಪ್ ಅರಿಯೆಸ್ ಅನ್ನುವ ಫ್ರಾನ್ಸಿನ ಇತಿಹಾಸಕಾರರು 1960ರಲ್ಲಿ, ಅಂದರೆ ನಾನು ಹುಟ್ಟಿದ ವರ್ಷವೇ, ಒಂದು ದೊಡ್ಡ ಮಾತು ಹೇಳಿದರು. ಮಧ್ಯಯುಗದ ಯೂರೋಪಿನಲ್ಲಿ ಬಾಲ್ಯ ಅನ್ನುವ ಕಲ್ಪನೆಯೇ ಇರಲಿಲ್ಲ, ಅಮ್ಮನ ಸೆರಗು ಬಿಟ್ಟ ಮೇಲೆ ಮಗು ಹಿರಿಯರ ಗುಂಪಿಗೇ ಸೇರಿಬಿಡುತ್ತಿತ್ತು ಅಂತ. ಶಾಲೆ ಮತ್ತು ಮನೆಯ ಹೊಸ ರೀತಿ ಸೇರಿ ಬಾಲ್ಯವನ್ನು ಬೇರೆ ಮಾಡಿದವು ಅಂತ. ಆಮೇಲಿನವರು ಇದನ್ನು ಪೂರ್ತಿ ಒಪ್ಪಲಿಲ್ಲ. ಆಗಿನ ಅಪ್ಪ ಅಮ್ಮಂದಿರೂ ಮಕ್ಕಳಿಗಾಗಿ ಅತ್ತಿದ್ದಾರೆ, ಆಟದ ಸಾಮಾನು ಕೊಟ್ಟಿದ್ದಾರೆ ಅಂದರು. ನನಗೆ ಎರಡೂ ನಿಜ ಅನ್ನಿಸುತ್ತದೆ, ಯಾಕೆಂದರೆ ಎರಡನ್ನೂ ನಮ್ಮ ಚಪ್ಪರದ ಕೆಳಗೆ ನೋಡಿದ್ದೇನೆ. ಅಜ್ಜಿ ಕಾಗಕ್ಕ ಗುಬ್ಬಕ್ಕನ ಕಥೆ ಹೇಳುತ್ತಿದ್ದರು. ಮಳೆಗೆ ಕಾಗಕ್ಕನ ಸಗಣಿ ಮನೆ ಕೊಚ್ಚಿಹೋಗುವುದು, ಗುಬ್ಬಕ್ಕ ಬಾಗಿಲು ತೆಗೆಯದೆ ಇರುವುದು. ಅದು ಮಕ್ಕಳ ಕಥೆ ಅಂತ ಯಾರೂ ಬೇರೆ ಇಟ್ಟಿರಲಿಲ್ಲ. ಕೆಲಸದವರೂ ಕೇಳುತ್ತಿದ್ದರು, ನಗುತ್ತಿದ್ದರು, ಗುಬ್ಬಕ್ಕನನ್ನು ಬೈಯುತ್ತಿದ್ದರು. ಆದರೆ ತೊಟ್ಟಿಲ ಹತ್ತಿರ ಹೋದಾಗ ಅಜ್ಜಿಯ ದನಿಯೇ ಬೇರೆ. ಮಗು ಅಂದರೆ ಏನು ಅಂತ ಅವರಿಗೆ ಯಾವ ಪುಸ್ತಕವೂ ಹೇಳಿಕೊಡಬೇಕಾಗಿರಲಿಲ್ಲ. ಪುಸ್ತಕ ಬಂದು ಮಾಡಿದ್ದು ಏನೆಂದರೆ, ಆ ಚಪ್ಪರದ ಕೆಳಗೆ ಒಂದು ಗೆರೆ ಎಳೆಯಿತು. ಗೆರೆಯ ಈಚೆ ಇದ್ದವರಿಗೆ ಮಣೆ, ದೀಪ, ಚಿತ್ರ. ಆಚೆ ಇದ್ದವರಿಗೆ ಮೆಟ್ಟುಗತ್ತಿ. ಗೆರೆ ಎಳೆದದ್ದು ತಪ್ಪು ಅನ್ನುತ್ತಿಲ್ಲ. ನನ್ನನ್ನೂ ಈಚೆ ಕೂರಿಸಬೇಕಿತ್ತು.

ಈಗ ಕೆಳಗಿನ ರ್ಯಾಕಿಗೆ ಬರುತ್ತೇನೆ. ಕನ್ನಡದ್ದು ಇಲ್ಲಿ ಚೆನ್ನಾಗಿದೆ. ಪಂಜೆ ಮಂಗೇಶರಾಯರ ಪದ್ಯ, ಕಥೆಗಳ ಎರಡು ಮೂರು ಮುದ್ರಣ ಇವೆ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದವರು, ಶಾಲಾ ಇನ್ಸ್‌ಪೆಕ್ಟರ್ ಆಗಿದ್ದವರು. ಇನ್ಸ್‌ಪೆಕ್ಟರ್ ಅಂದರೆ ನಾವು ಬೀರು ತೆಗೆದು ಧೂಳು ಹೊಡೆಯುತ್ತಿದ್ದೆವಲ್ಲ, ಅವರು. ಅಂಥವರು ಮಕ್ಕಳ ಬಾಯಿಗೆ ಹಾಡು ಕೊಟ್ಟರು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದರು. ಅವರ ನಾಗರಹಾವಿನ ಪದ್ಯ ನೋಡಿ. ಮಗು ಹಾವಿನ ಹತ್ತಿರ ಮಾತಾಡುತ್ತದೆ, ಕೈ ಮುಗಿಯುತ್ತದೆ, ಹಾಲು ಕೊಡುತ್ತೇನೆ ಬಾ ಅನ್ನುತ್ತದೆ. ಹಾವು ಕಂಡರೆ ದೂರ ಓಡು ಅಂತ ಯಾರೂ ಮಧ್ಯೆ ಬಂದು ಹೇಳುವುದಿಲ್ಲ. ಮಗುವಿನ ಬೆರಗು, ಮಗುವಿನ ಭಯ, ಅಷ್ಟೇ. ನಮ್ಮ ಕೊಟ್ಟಿಗೆ ಹಿಂದೆ ಹುತ್ತ ಇತ್ತು. ಆ ಪದ್ಯ ಹೇಳಿಕೊಳ್ಳುತ್ತಾ ಅದರ ಮುಂದೆ ನಿಂತದ್ದು ಇವತ್ತಿಗೂ ನೆನಪಿದೆ.

ಜಿ.ಪಿ. ರಾಜರತ್ನಂ ಅವರ ಪದ್ಯಗಳು ಮೂರ್ನಾಲ್ಕು ಪ್ರತಿ ಇವೆ, ಎಲ್ಲವೂ ಚಿಂದಿ. ಅಷ್ಟು ಓದಿದ್ದಾರೆ. ತಗಡಿನ ತುತ್ತೂರಿಯ ಪದ್ಯವನ್ನು ನಾನು ನೂರಾರು ಸಲ ಹೇಳಿಕೊಟ್ಟಿದ್ದೇನೆ. ಈಗ ಮತ್ತೆ ಓದಿದಾಗ ಒಂದು ವಿಷಯ ಕಂಡಿತು. ಪದ್ಯದ ಉದ್ದಕ್ಕೂ ತುತ್ತೂರಿಯ ಸಂಭ್ರಮ. ಕೊನೆಗೆ ಅದು ನೀರಿಗೆ ಬಿದ್ದು ಹಾಳಾದಾಗ, ಜಂಬ ಪಟ್ಟದ್ದಕ್ಕೆ ಹೀಗಾಯಿತು ಅನ್ನುವ ಮಾತು ಬರುತ್ತದೆ. ಆ ಒಂದು ಮಾತು ಹಿರಿಯರದ್ದು, ಉಳಿದದ್ದೆಲ್ಲ ಮಗುವಿನದ್ದು. ನ್ಯೂಬೆರಿಯ ಗಾಳಿಪಟದ ಕೆಳಗಿದ್ದ ನೀತಿ ಇಲ್ಲೂ ಬಾಲದ ಹಾಗೆ ಉಳಿದುಕೊಂಡಿದೆ. ಆದರೂ ನಾನು ಆ ಪದ್ಯವನ್ನು ಬಿಟ್ಟುಕೊಡಲಾರೆ. ನನ್ನ ಕ್ಲಾಸಿನ ಮಕ್ಕಳು ಆ ಕೊನೆಯ ಸಾಲನ್ನೇ ಎಲ್ಲಕ್ಕಿಂತ ಜೋರಾಗಿ, ನಗುತ್ತಾ ಕೂಗುತ್ತಿದ್ದರು. ಹಿರಿಯರ ನೀತಿಯನ್ನು ಅವರು ಆಟ ಮಾಡಿಕೊಂಡಿದ್ದರು.

ಪಂಚತಂತ್ರಕ್ಕೆ ಮಾತ್ರ ಅನ್ಯಾಯ ಆಗಿದೆ. ಇಲ್ಲಿರುವ ಹತ್ತು ಹನ್ನೆರಡು ಬಣ್ಣದ ಪಂಚತಂತ್ರಗಳಲ್ಲಿ ಒಂದೊಂದು ಕಥೆಯ ಕೆಳಗೂ ಚೌಕ ಹಾಕಿ ‘ನೀತಿ’ ಅಂತ ಬರೆದಿದ್ದಾರೆ. ವಿಷ್ಣುಶರ್ಮ ಆ ಕಥೆ ಹೇಳಿದ್ದು ರಾಜ್ಯ ಆಳಬೇಕಾದ ರಾಜಕುಮಾರರಿಗೆ. ಕನ್ನಡದಲ್ಲಿ 11ನೇ ಶತಮಾನದಲ್ಲೇ ದುರ್ಗಸಿಂಹ ಬರೆದದ್ದೂ ಎಳೆ ಮಕ್ಕಳಿಗಲ್ಲ. ಅದರಲ್ಲಿ ಮೋಸ ಇದೆ, ರಾಜಕೀಯ ಇದೆ, ಕೊಲೆ ಇದೆ. ಅದನ್ನೆಲ್ಲ ತೊಳೆದು, ಒಂದು ಸಾಲಿನ ಬುದ್ಧಿಮಾತು ಅಂಟಿಸಿ ಮಕ್ಕಳಿಗೆ ಕೊಡುತ್ತಿದ್ದೇವೆ. ಮೊಮ್ಮಗಳು ಆ ಚೌಕ ಓದುವುದೇ ಇಲ್ಲ. ಮೊಲ ಸಿಂಹವನ್ನು ಬಾವಿಗೆ ಬೀಳಿಸಿದ ಮೇಲೆ, “ಅಜ್ಜಿ, ಆ ಬಾವಿ ನೀರು ಆಮೇಲೆ ಯಾರು ಕುಡಿದ್ರು?” ಅಂತ ಕೇಳಿದಳು. ನನ್ನ 34 ವರ್ಷದಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಕೇಳಲು ನಾನು ಬಿಟ್ಟಿರಲಿಲ್ಲ ಅನ್ನಿಸುತ್ತದೆ. ಕಥೆ ಮುಗಿದ ತಕ್ಷಣ ‘ಇದರಿಂದ ತಿಳಿಯುವ ನೀತಿ ಏನು’ ಅಂತ ನಾನೇ ಪ್ರಶ್ನೆ ಹಾಕುತ್ತಿದ್ದೆನಲ್ಲ.

ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಇಲ್ಲಿ ಯಾವಾಗಲೂ ಇರುತ್ತದೆ. ಒಂದು ಪ್ರತಿ ಹೋದರೆ ಅಂಗಡಿಯವರು ಇನ್ನೊಂದು ತಂದಿಡುತ್ತಾರೆ. ಅದರ ಮೂಲ ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ ಅವರದ್ದು, 1842ರಲ್ಲಿ ಅಚ್ಚಾದದ್ದು. ಅದನ್ನು ಅವರು ಬರೆದದ್ದು ಹುಷಾರಿಲ್ಲದೆ ಮಲಗಿದ್ದ ಒಬ್ಬ ಹುಡುಗನಿಗೆ. ನಟರೊಬ್ಬರ ಮಗ, ವಿಲ್ಲಿ ಮ್ಯಾಕ್ರೆಡಿ ಅಂತ. ಅವನಿಗೆ ಚಿತ್ರ ಬಿಡಿಸುವ ಆಸೆ. ಚಿತ್ರ ಬಿಡಿಸಲು ಬರಲಿ ಅಂತ ಒಂದು ಕಥೆ. ಯಾವುದೋ ಒಂದು ಮಗುವಿನ ಮುಖ ಎದುರಿಗಿಟ್ಟುಕೊಂಡು ಬರೆದರೆ ಬರಹ ಬೇರೆಯೇ ಆಗುತ್ತದೆ. ಕುವೆಂಪು ಜರ್ಮನಿಯ ವೇಸರ್ ನದಿ ದಂಡೆಯ ಊರನ್ನು ಎತ್ತಿ ತಂದು ತುಂಗೆಯ ತೀರದಲ್ಲಿಟ್ಟರು. “ಬೊಮ್ಮನಹಳ್ಳಿ ಎಲ್ಲಿದೆ ಟೀಚರ್, ಗಾಜನೂರಿನ ಆಚೆಯಾ?” ಅಂತ ನನ್ನ ಮಕ್ಕಳು ಕೇಳುತ್ತಿದ್ದರು. ಹೌದು ಅನ್ನುತ್ತಿದ್ದೆ. ಆ ಕಥೆಯಲ್ಲಿ ತಪ್ಪು ಮಾಡುವವರು ಮಕ್ಕಳಲ್ಲ. ಇಲಿ ಓಡಿಸಿದ ಜೋಗಿಗೆ ದುಡ್ಡಿನ ಮಾತು ಕೊಟ್ಟು ತಪ್ಪುವವರು ಊರಿನ ಹಿರಿಯರು. ಜೋಗಿ ಕರೆದುಕೊಂಡು ಹೋಗುವುದು ಮಕ್ಕಳನ್ನು. ಜೇನ್‌ವೇ ಪಾದ್ರಿಯ ಪುಸ್ತಕದಲ್ಲಿ ಪಾಪ ಹೊತ್ತಿದ್ದ ಮಗು, ಇಲ್ಲಿ ಬರುವಷ್ಟರಲ್ಲಿ ಹಿರಿಯರ ಸಾಲ ತೀರಿಸುವ ಮಗು ಆಗಿದೆ. ಇದನ್ನು ಮಕ್ಕಳು ಕೂಡಲೇ ಹಿಡಿಯುತ್ತಾರೆ. “ಗೌಡ ದುಡ್ಡು ಕೊಡಬೇಕಿತ್ತು” ಅಂತ ಹಿಂದಿನ ಬೆಂಚಿನಿಂದ ಯಾರಾದರೂ ಹೇಳೇ ಹೇಳುತ್ತಿದ್ದರು.

ಶಿವರಾಮ ಕಾರಂತರು ಮಕ್ಕಳಿಗಾಗಿ ಮಾಡಿದ ಬಾಲ ಪ್ರಪಂಚದ ಮೂರು ಸಂಪುಟಗಳಲ್ಲಿ ಒಂದು ಇಲ್ಲಿದೆ. ಮಾರಾಟಕ್ಕಿಲ್ಲ. ಅಲ್ಲೇ ಕೂತು ನೋಡಬಹುದು, ಕೈ ತೊಳೆದುಕೊಂಡು.

ಕೊರತೆಗಳನ್ನೂ ಹೇಳಲೇಬೇಕು. ಬೆಳಕು ಸಾಲದು. ಸಂಜೆ ಐದರ ಮೇಲೆ ನನ್ನ ಕಣ್ಣಿಗೆ ಅಕ್ಷರ ಕಾಣುವುದಿಲ್ಲ. ಪುಸ್ತಕದ ಹಾಳೆ ಎಲ್ಲ ಇದೆಯಾ ಅಂತ ನೀವೇ ಎಣಿಸಿ ನೋಡಿ ತೆಗೆದುಕೊಳ್ಳಿ. ಒಮ್ಮೆ ಕಥೆಯ ಕೊನೆಯ ಎರಡು ಹಾಳೆ ಇಲ್ಲದೆ ಮೊಮ್ಮಗಳು ರಾತ್ರಿ ಮಲಗಲಿಲ್ಲ, ನಾನೇ ಕೊನೆ ಕಟ್ಟಿ ಹೇಳಿದೆ. ಹತ್ತು ವರ್ಷದ ಈಚೆಗೆ ಬಂದ ಕನ್ನಡದ ಮಕ್ಕಳ ಪುಸ್ತಕ ತುಂಬ ಕಡಿಮೆ. ಈಗ ಎಷ್ಟು ಚೆಂದದ ಪುಸ್ತಕಗಳು ಬರುತ್ತಿವೆ, ತರಿಸಬಹುದು.

ದೊಡ್ಡ ದೂರು ಒಂದಿದೆ. ಬಾಗಿಲಿಗೆ ಹೋದ ತಕ್ಷಣ ಕಾಣುವ ತಿರುಗುವ ಸ್ಟ್ಯಾಂಡಿನಲ್ಲಿ ಹೊಸ ಇಂಗ್ಲಿಷ್ ಪುಸ್ತಕ ಇಟ್ಟಿದ್ದಾರೆ. ಒಂದು ಕಡೆ ಗುಲಾಬಿ ಬಣ್ಣ, ರಾಜಕುಮಾರಿ, ಅಲಂಕಾರ, ಅಡುಗೆ ಸೆಟ್ಟಿನ ಸ್ಟಿಕರು. ಇನ್ನೊಂದು ಕಡೆ ನೀಲಿ ಬಣ್ಣ, ರಾಕೆಟ್ಟು, ಡೈನೋಸಾರು. ಮೇಲೆ ಚೀಟಿ ಅಂಟಿಸಿದ್ದರು: ಹುಡುಗಿಯರಿಗೆ, ಹುಡುಗರಿಗೆ. ಮೊಮ್ಮಗಳು ಡೈನೋಸಾರಿನ ಪುಸ್ತಕಕ್ಕೆ ಕೈ ಹಾಕಿ, ಚೀಟಿ ಓದಿ, ಕೈ ಹಿಂದೆ ತೆಗೆದುಕೊಂಡಳು. ನಾನು ನೋಡಿದೆ. ಚೆಂಡು ಮತ್ತು ಸೂಜಿ ದಿಂಬು ದುರ್ಗಿಗುಡಿಯ ತನಕ ಬಂದಿವೆ ಅಂತ ಎದೆ ಹಿಂಡಿತು. ಅಂಗಡಿಯವರ ಹತ್ತಿರ ಹೋಗಿ ಲಂಡನ್ನಿನ ಕಥೆ ಪೂರ್ತಿ ಹೇಳಿದೆ. ಗಿರಾಕಿಗಳು ಹಾಗೇ ಕೇಳುತ್ತಾರೆ ಟೀಚರ್ ಅಂದರು. ಆದರೂ ಮುಂದಿನ ವಾರ ಹೋದಾಗ ಚೀಟಿ ಇರಲಿಲ್ಲ. ಬಣ್ಣಗಳು ಇನ್ನೂ ಬೇರೆ ಬೇರೆ ಕಡೆಯೇ ಇವೆ. ಅವನ್ನೂ ಬೆರೆಸಿಡಿ ಅಂತ ಪ್ರತಿ ಸಲ ಹೇಳುತ್ತಿದ್ದೇನೆ. ಮೊಮ್ಮಗಳ ಡೈನೋಸಾರಿನ ಪುಸ್ತಕಕ್ಕೆ 90 ರೂಪಾಯಿ ಆಯಿತು. ಮೊದಲ ಪುಟದಲ್ಲಿ ತನ್ನ ಹೆಸರನ್ನು ಮೂರು ಸಲ ಬರೆದುಕೊಂಡಿದ್ದಾಳೆ.

ಹೋಗುವವರಿಗೆ: ಬೆಳಗ್ಗೆ ಹತ್ತೂವರೆಯಿಂದ ಒಂದೂವರೆ, ಸಂಜೆ ನಾಲ್ಕರಿಂದ ಎಂಟು. ಭಾನುವಾರ ಬೆಳಗ್ಗೆ ಮಾತ್ರ. ಶನಿವಾರ ಮಧ್ಯಾಹ್ನದ ಮೇಲೆ ಚಾಪೆಯಲ್ಲಿ ಜಾಗ ಸಿಗುವುದಿಲ್ಲ. ಮಳೆಗಾಲದಲ್ಲಿ ಪುಸ್ತಕ ಸುತ್ತಲು ಪ್ಲಾಸ್ಟಿಕ್ ಕವರು ನೀವೇ ಒಯ್ಯಿರಿ.

ಹೋದ ತಿಂಗಳು ಅಂಗಡಿಯವರು ಒಳಗಿನಿಂದ ಒಂದು ದಪ್ಪ ಕಟ್ಟು ತಂದರು. ಸಾಗರದ ಕಡೆಯ ಒಂದು ಮನೆಯ ಅಟ್ಟದಿಂದ ಬಂದದ್ದಂತೆ. ಹನ್ನೆರಡು ಚಂದಮಾಮ ಸೇರಿಸಿ, ಖಾಕಿ ಬಟ್ಟೆಯ ಹೊದಿಕೆ ಹಾಕಿ ಹೊಲಿದಿದ್ದಾರೆ. ಒಳಗೆ ಹೊಗೆಯ ವಾಸನೆ. ಮಾರುವುದಿಲ್ಲ, ಆದರೆ ನೀವು ಮೂರು ದಿನ ಇಟ್ಟುಕೊಳ್ಳಿ ಅಂದರು. ದುಡ್ಡು ತೆಗೆದುಕೊಳ್ಳಲಿಲ್ಲ. ರಾತ್ರಿ ಊಟ ಆದ ಮೇಲೆ ಬಿಚ್ಚಿದೆ. ಶಂಕರ್ ಅವರು ಬಿಡಿಸಿದ ವಿಕ್ರಮಾದಿತ್ಯ, ಹೆಗಲ ಮೇಲೆ ಬೇತಾಳ, ಕೈಯಲ್ಲಿ ಕತ್ತಿ, ಹಿಂದೆ ಒಣಗಿದ ಮರ. ನಾನು ಮನಸ್ಸಿನಲ್ಲಿ ಅಂದುಕೊಂಡಿದ್ದ ಬೇತಾಳ ದಪ್ಪಗೆ, ಕಪ್ಪಗೆ ಇತ್ತು. ಇದು ಸಪೂರ, ಬಿಳಿ ಕೂದಲು. ಅಣ್ಣನಿಗೆ ಫೋನ್ ಮಾಡಿದೆ. ಅವನಿಗೀಗ ಸಕ್ಕರೆ ಕಾಯಿಲೆಯಿಂದ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಯಾವ ಕಥೆ ಅಂತ ಕೇಳಿದ. ಮೊದಲ ಎರಡು ಸಾಲು ಓದಿದೆ. ನಿಲ್ಲಿಸು ಅಂದ. ಉಳಿದದ್ದನ್ನು ಅವನೇ ಹೇಳತೊಡಗಿದ, ಅದೇ ಹಳೇ ರಾಗದಲ್ಲಿ. ನಾನು ಚಿತ್ರ ನೋಡುತ್ತಾ ಪುಟ ತಿರುಗಿಸುತ್ತಾ ಹೋದೆ. ಬೇತಾಳನ ಪ್ರಶ್ನೆ ಬಂದಾಗ ಅವನು ನಿಲ್ಲಿಸಿದ. ನಾನು ಉತ್ತರ ಹೇಳಿದೆ.

ಮೂರನೇ ದಿನ ಕಟ್ಟನ್ನು ವಾಪಸ್ ಕೊಟ್ಟು ಬಂದೆ.